ದುರುಗಣ್ಣನ ಜಾಗಕ್ಕೆ ಒಬ್ಬರು

ಮೊದಲ ನೋಟಕ್ಕೆ ದುರುಗಣ್ಣ ಬೆಲೆ ಕೇಳಬೇಕೆನಿಸುವ ಸರಕಾಗಿರಲಿಲ್ಲ. ಮೈ ಒಣಗಿದ ತೊಗರಿಕಟ್ಟಿಗೆ. ಬೆನ್ನು ಮುಂದಕ್ಕೆ ಬಾಗಿತ್ತು. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ತನಗೆ ಬೇಕಾದ ಮಾತಿಗೆ ಮಾತ್ರ ತೆರೆದುಕೊಳ್ಳುತ್ತಿತ್ತು. ಅಂಗಿ ಮೊದಲು ಯಾವ ಬಣ್ಣದ್ದಾಗಿತ್ತೆಂದು ಹೊಲಿದ ದರ್ಜಿಯೂ ಹೇಳಲಾರ. ಹಿಂಡಿದರೆ ಒಂದು ಒಗ್ಗರಣೆಗಾಗುವಷ್ಟು ಶೇಂಗಾ ಎಣ್ಣೆ ಅದರಲ್ಲಿತ್ತು. ನಾಲಿಗೆ ಒರಟು. ಅವನ ಬಾಯಿಂದ ಮೆಚ್ಚುಗೆಯ ಮಾತು ಕೇಳಿದವರು ಕೊಟ್ಟೂರಿನಲ್ಲಿ ಯಾರೂ ಇರಲಿಲ್ಲ. ಆದರೆ ಸರಕು ಬಲ್ಲವನು ಚೀಲದ ಹೊರಮೈ ನೋಡಿ ಮಾತಾಡುವುದಿಲ್ಲ. ಪಕ್ಕಕ್ಕೆ ಚುಚ್ಚಿ, ಒಳಗಿನ ಕಾಳನ್ನು ಅಂಗೈಗೆ ಸುರಿದುಕೊಂಡು ನೋಡುತ್ತಾನೆ. ದುರುಗಣ್ಣನನ್ನು ಹಾಗೆ ಚುಚ್ಚಿದರೆ ಸಿಗುತ್ತಿದ್ದದ್ದು ಎರಡು ಕೈ. ಮಾಲೆಲ್ಲ ಅಲ್ಲಿತ್ತು. ಆ ಕೈಗಳಿಗೂ ತಲೆಗೂ ಹೋಗಿಬರುವ ಬಳಕೆ ಅಷ್ಟಾಗಿ ಇರಲಿಲ್ಲ.

ಆ ಕೈಗಳನ್ನು ಹರೆಯದಿಂದಲೂ ಇಟ್ಟುಕೊಂಡಿದ್ದವರು ಮರುಳಪ್ಪನವರು. ಊರ ಹೊರಗೆ, ಹರಪನಹಳ್ಳಿ ರಸ್ತೆಗೆ ಅವರ ಶೇಂಗಾ ಎಣ್ಣೆ ಗಿರಣಿ. ದುರುಗಣ್ಣ ಅಲ್ಲಿಯ ಫಿಟ್ಟರ್. ಗಿರಣಿಯ ಸೂರಿನಡಿ ಈ ತುದಿಯಿಂದ ಆ ತುದಿಗೆ ಒಂದು ದಪ್ಪ ಕಬ್ಬಿಣದ ಶಾಫ್ಟು ತಿರುಗುತ್ತಿತ್ತು. ಅದರಿಂದ ಇಳಿದ ಬೆಲ್ಟುಗಳು ಕಾಯಿ ಒಡೆಯುವ ಯಂತ್ರ, ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರ್ ಎಲ್ಲವನ್ನೂ ಎಳೆಯುತ್ತಿದ್ದವು. ಆ ಶಾಫ್ಟು ನಿಂತರೆ ಗಿರಣಿ ನಿಂತ ಹಾಗೆ. ಗಿರಣಿ ನಿಂತರೆ ಅಂಗಳದಲ್ಲಿ ಸಾಲುಗಟ್ಟಿದ ಗಾಡಿಗಳು, ಚಹಾದಂಗಡಿ, ಹಿಂಡಿ ವ್ಯಾಪಾರ ಎಲ್ಲವೂ ನಿಂತಂತೆ.

ಗಿರಣಿಗಳು ಅಮಾವಾಸ್ಯೆಗೆ ಬಾಗಿಲು ಹಾಕುವುದು ಈ ಕಡೆಯ ಪದ್ಧತಿ. ಹಮಾಲರು ಮನೆಗೆ ಹೋಗುತ್ತಾರೆ, ಹೆಂಗಸರು ಮನೆಗೆ ಹೋಗುತ್ತಾರೆ, ಸಾಹುಕಾರರು ಮಧ್ಯಾಹ್ನ ಹೋಳಿಗೆ ಉಂಡು ಮಲಗುತ್ತಾರೆ. ಯಂತ್ರ ಬಿಚ್ಚಲು ಸಿಗುವುದು ಆ ದಿನವೊಂದೇ. ಹಾಗಾಗಿ ಊರಿಗೆಲ್ಲ ರಜೆಯಿದ್ದ ದಿನವೇ ಫಿಟ್ಟರನಿಗೆ ಮೈಮುರಿಯುವ ಕೆಲಸ. ದುರುಗಣ್ಣನ ಹೆಂಡತಿ ಭರಮಮ್ಮ ಹರಪನಹಳ್ಳಿ ಕಡೆಯ ಅರಸೀಕೆರೆಯಲ್ಲಿ, ಬಸ್‌ಸ್ಟ್ಯಾಂಡಿನ ಬಳಿ ಮಿರ್ಚಿ ಕರಿದು, ಮಂಡಕ್ಕಿ ಮಾರಿ ಜೀವನ ಮಾಡುತ್ತಿದ್ದಳು. ಮದುವೆಯಾದಾಗಿನಿಂದ ಗಂಡನಿಗೆ ಹಬ್ಬದ ಅಮಾವಾಸ್ಯೆಯ ಊಟ ಬಡಿಸಿದ್ದು ಅವಳಿಗೆ ನೆನಪಿರಲಿಲ್ಲ. ಗಂಡ ಬರುತ್ತಿದ್ದದ್ದು ಪಾಡ್ಯದ ದಿನ, ಹಳಸಲಾದ ಹೋಳಿಗೆಗೆ.

ತೊಂಬತ್ತರ ದಶಕ ಅರ್ಧ ಕಳೆದಿತ್ತು. ಒಂದು ಪಾಡ್ಯದಂದು ಬೆಲ್ಟಿನ ಕೆಳಗಿನಿಂದೆದ್ದು ನೇರ ಬಂದವನಂತೆ ಬಂದು ಕೂತ ಗಂಡನಿಗೆ ಭರಮಮ್ಮ ಬಲಗಿವಿಯ ಕಡೆ ಕೂತು ಹೇಳಿದಳು.

“ಇನ್ನ ಎಷ್ಟ್ ದಿನ ಆ ಕಬ್ಬಣದ ಕೂಡ ಸಂಸಾರ ಮಾಡ್ತಿ? ಕಿವಿ ಕೊಟ್ಟಿ, ಬೆನ್ನು ಕೊಟ್ಟಿ. ನನ್ ಪಾಲಿಗೆ ಏನ್ ಉಳಿಸೀದಿ?”

“ಬಿಡಂಗಿಲ್ಲ ಸಾವ್ಕಾರ್ರು.”

“ಬಿಡೋದು ಅವರಲ್ಲ, ನೀ ಬಿಡವಲ್ಲಿ. ಕೇಳ್, ಬರೋ ವರ್ಷದ ದೀಪಾವಳಿ ಅಮಾಸಿ ತನಕ ನೋಡ್ತೀನಿ. ಎಲಿ ಹಾಕಿರ್ತೀನಿ. ಬಂದ್ರ ಉಣ್ಣು. ಬರ್ಲಿಲ್ಲಂದ್ರ ಆ ಎಲಿ ಎಮ್ಮಿಗೆ ಇಡ್ತೀನಿ. ಆಮ್ಯಾಲ ಪಾಡ್ಯಕ್ಕೂ ಬರ್ಬ್ಯಾಡ, ಯಾಕಂದ್ರ ನಿನ್ ಹೆಸರ್ಲೆ ಎಲಿ ಹಾಕೋದ ಬಿಡ್ತೀನಿ.”

ಈ ಮಾತಿಗೆ ಬಲಗಿವಿ ಚೆನ್ನಾಗಿಯೇ ತೆರೆದುಕೊಂಡಿತು.

ದುರುಗಣ್ಣ ವಾಪಸು ಬಂದು ಸಾಹುಕಾರರ ಗಾದಿಯ ಮುಂದೆ ನಿಂತ. ಮರುಳಪ್ಪನವರು ಯಾರಿಗೂ ಇಲ್ಲ ಎನ್ನುವವರಲ್ಲ. ಹೂಂ ಎಂದೇ ತಿಂಗಳುಗಟ್ಟಲೆ ಕಾಯಿಸುವವರು.

“ಹೋಗಪ, ನಾ ಎಲ್ಲಿ ಹಿಡಕೊಂಡೀನಿ?” ಎಂದರು. “ನಿನ್ ಜಾಗಕ್ಕ ಒಬ್ಬರನ್ನ ತಯಾರ್ ಮಾಡು. ಗೊತ್ತಿದ್ದದ್ದನ್ನೆಲ್ಲ ಕಲಿಸು. ಆಯುಧ ಪೂಜಿ ದಿನ ಮಿಷನ್ ಮುಟ್ಟಿ, ‘ಎಲ್ಲಾ ಕಲಿಸೀನಿ’ ಅಂತ ದೇವ್ರ ಮುಂದ ಹೇಳು. ಮರುದಿನ ನಿನ್ ದಾರಿ ನಿಂದು.”

ಷರತ್ತು ಸುಲಭ ಕಂಡಿತು. ದುರುಗಣ್ಣ ಒಪ್ಪಿಕೊಂಡ.

ಮೊದಲು ಬಂದವನು ಪ್ರವೀಣಕುಮಾರ್, ಐಟಿಐ ಮುಗಿಸಿದ ಹುಡುಗ. ಚುರುಕು, ಕೈ ಹದವಾಗಿತ್ತು. ದುರುಗಣ್ಣ ಬೈಯುತ್ತ, ಮಸಿಬಟ್ಟೆಯಿಂದ ಬೆನ್ನಿಗೆ ಬಾರಿಸುತ್ತ ಅವನನ್ನು ಒಳ್ಳೆಯ ಫಿಟ್ಟರ್ ಮಾಡಿದ. ಆಗ ತೋರಣಗಲ್ಲಿನ ಕಡೆ ದೊಡ್ಡ ಕಾರ್ಖಾನೆ ಏಳುತ್ತಿತ್ತು, ಕೆಲಸ ಬಲ್ಲವರಿಗೆ ಕರೆದು ಜಾಗ ಕೊಡುತ್ತಿದ್ದರು. ಪ್ರವೀಣಕುಮಾರ್ ಒಂದು ಮುಂಜಾನೆ ಬಂದು ಗುರುವಿನ ಕಾಲಿಗೆ ಬಿದ್ದ. ದುರುಗಣ್ಣ ಸಂತೋಷಪಟ್ಟ. ಕಾಲಿಗೆ ಬಿದ್ದವನು ಎದ್ದು ನೇರ ಬಸ್ಸಿಗೆ ಹೋದ.

ಆಮೇಲೆ ಆಂಜಿನೇಯಲು. ಇವನು ಇನ್ನೂ ಬೇಗ ಕಲಿತ, ಇನ್ನೂ ಬೇಗ ಹೋದ. ಹಗರಿಬೊಮ್ಮನಹಳ್ಳಿಯಲ್ಲಿ ಮೋಟರು ಸುತ್ತುವ ಅಂಗಡಿ ಹಾಕಿದ. ಬೋರ್ಡಿನ ಮೇಲೆ ‘ದುರುಗಣ್ಣ ಫಿಟ್ಟರ್ ಅವರ ಶಿಷ್ಯ’ ಎಂದು ಬರೆಸಿದ. ಅದನ್ನು ನೋಡಿ ಬಂದವರು ದುರುಗಣ್ಣನನ್ನು ಹೊಗಳಿದರು. ಮರುಳಪ್ಪನವರು ಹೊಗಳಲಿಲ್ಲ.

“ದುರುಗಣ್ಣ, ನೀ ಕಲಿಸೋದು ಜಾಸ್ತಿ ಆತು.”

“ಅರ್ಧ ಕಲಿಸಾಕ ಬರ್ತೈತೇನ್ರಿ ಸಾವ್ಕಾರ್ರ?”

“ಕಲಿ. ನಾನೂ ವ್ಯಾಪಾರದಾಗ ಅದನ್ನ ಕಲ್ತದ್ದು.”

ಹೀಗೆ ಮೂರನೆಯವನಾಗಿ ಬಂದವನು ಗುರುಶಾಂತ, ಸಾಹುಕಾರರ ಅಕ್ಕನ ಮಗ. ದುರುಗಣ್ಣ ಮಾತಿನಂತೆ ಅರ್ಧ ಕಲಿಸಿದ. ಗುರುಶಾಂತ ಅದರಲ್ಲಿ ಅರ್ಧ ಕಲಿತ. ಅವನು ಬಿಗಿದ ಬೋಲ್ಟನ್ನು ಇನ್ನೊಬ್ಬರು ಬಿಚ್ಚುವಂತಿರಲಿಲ್ಲ, ಅವನು ಬಿಚ್ಚಿದ್ದನ್ನು ಅವನೇ ಕೂಡಿಸುವಂತಿರಲಿಲ್ಲ. ಆದರೆ ಒಂದು ಮಾತು ಒಪ್ಪಬೇಕು, ಅವನು ಬಿಟ್ಟು ಹೋಗಲಿಲ್ಲ. ಅವನನ್ನು ಯಾವ ಕಾರ್ಖಾನೆಯೂ ಕರೆಯಲಿಲ್ಲ. ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಫಿಟ್ಟರ್ ಎಂದು ಸಂಬಳ ತೆಗೆದುಕೊಳ್ಳುತ್ತ ಕೂತ.

ದೀಪಾವಳಿ ಬಂದು ಹೋಯಿತು. ದುರುಗಣ್ಣನಿಗೆ ಹೋಗಲಾಗಲಿಲ್ಲ. ಭರಮಮ್ಮ ಎಲೆಯನ್ನು ಎಮ್ಮೆಗಿಟ್ಟ ಸುದ್ದಿ ಬಸ್ಸಿನ ಕಂಡಕ್ಟರ್ ಮೂಲಕ ಬಂತು. “ಎಮ್ಮಿ ಚಲೋ ಉಂಡ್ತಂತ” ಎಂದ ಕಂಡಕ್ಟರ್. ಜೊತೆಗೆ ಇನ್ನೊಂದು ಮಾತನ್ನೂ ತಂದಿದ್ದ: ಇನ್ನೊಂದು ವರ್ಷ, ಅದೇ ಕೊನೆ.

ಕಲಿತವನು ಹೋಗುತ್ತಾನೆ, ಕಲಿಯದವನು ಉಳಿಯುತ್ತಾನೆ. ದುರುಗಣ್ಣ ಗಾಳೆಪ್ಪನ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಈ ಲೆಕ್ಕವನ್ನು ಮುಂದೆ ಹಿಂದೆ ತಿರುಗಿಸಿ ನೋಡಿದ. ಕಲಿತೂ ಹೋಗದವರು ಯಾರು? ಆಗ ಗಿರಣಿಯ ಒಳಗಿನಿಂದ, ಯಂತ್ರದ ಸದ್ದನ್ನೂ ಮೀರಿ, ಅವನ ಅರ್ಧ ಕಿವಿಗೂ ಕೇಳುವಂತೆ, ಒಂದು ಧ್ವನಿ ಬಂತು. ಅಂಜಿನಕ್ಕ ಒಬ್ಬ ಹಮಾಲನಿಗೆ ಅವನ ಮನೆತನದ ಪರಿಚಯ ಮಾಡಿಕೊಡುತ್ತಿದ್ದಳು.

ಅಂಜಿನಕ್ಕ ಕಾಳು ಹಸನು ಮಾಡುವ ಹೆಂಗಸರ ಮುಂದಾಳು. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ಹಾಕಿ, ತಲೆಗೆ ಟವೆಲ್ ಸುತ್ತಿ ನಿಂತರೆ ಹಮಾಲರು ಸುತ್ತುಬಳಸಿ ಹೋಗುತ್ತಿದ್ದರು. ಕೊಟ್ಟೂರಿನಲ್ಲಿ ಅವಳಿಗೆ ಒಂದು ಮನೆ, ಎರಡು ಎಮ್ಮೆ, ಮಾತಾಡದ ಅತ್ತೆ, ಮಾತಾಡುವ ಗಂಡ ಇದ್ದರು. ಎಲ್ಲಕ್ಕಿಂತ ಮುಖ್ಯವಾಗಿ ಪಕ್ಕದ ಮನೆಯ ಸುಂಕಮ್ಮನೊಡನೆ ಗೋಡೆಯ ಸಲುವಾಗಿ ಒಂದು ಜಗಳವಿತ್ತು. ಅದು ಕೂಡ್ಲಿಗಿ ಕೋರ್ಟಿನಲ್ಲಿ ನಡೆಯುತ್ತಿತ್ತು, ಮುಗಿಯುವ ಲಕ್ಷಣವಿರಲಿಲ್ಲ. ತೋರಣಗಲ್ಲಲ್ಲ, ಕೈಲಾಸದಿಂದ ಕರೆ ಬಂದರೂ ಆ ಗೋಡೆ ಬಿಟ್ಟು ಅಂಜಿನಕ್ಕ ಹೋಗುವವಳಲ್ಲ. ದುರುಗಣ್ಣ ಚಹಾದ ಲೋಟ ಕೆಳಗಿಟ್ಟ.

“ಅಂಜಿನಕ್ಕ, ಫಿಟ್ಟರ್ ಕೆಲಸ ಕಲೀತಿಯೇನು?”

ಅವಳು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. “ಯಾಕ, ನಿನ್ ಕೈ ಬಿದ್ದಾವೇನು?”

“ನಾ ಹೋಗ್ಬೇಕು. ನನ್ ಜಾಗಕ್ಕ ಒಬ್ರು ಬೇಕು.”

“ಗುರುಶಾಂತಪ್ಪ ಅದಾನಲ್ಲ, ಕುರ್ಚಿ ಕಾಯಾಕ.”

“ಅದಕ್ಕ ನಿನ್ನ ಕೇಳಾಕ ಹತ್ತೀನಿ.”

“ಕಲಿಸ್ತಿ ಅಂದ್ರ ಕಲೀತೀನಿ. ಆದ್ರ ಮಸಿಬಟ್ಟಿಲೆ ಬೆನ್ನಿಗೆ ಹೊಡದ್ರ, ಆ ಬಟ್ಟಿ ನಿನ್ ಬಾಯಾಗ ತುರುಕ್ತೀನಿ. ಮೊದ್ಲ ಹೇಳಿರ್ತೀನಿ.”

ಸಾಹುಕಾರರ ಹೆಂಡತಿ ಕೊಟ್ರಬಸಮ್ಮನವರಿಗೆ ಈ ಸುದ್ದಿ ರುಚಿಸಲಿಲ್ಲ. ಗಿರಣಿಯ ಪೂಜೆ ಪುನಸ್ಕಾರವೆಲ್ಲ ಅವರ ಪಾಲಿನದು. ಹೆಂಗಸು ಯಂತ್ರ ಬಿಚ್ಚುವುದನ್ನು ಎಲ್ಲಿಯೂ ಕಂಡಿಲ್ಲ ಎಂದರು. ಮರುಳಪ್ಪನವರು ಯೋಚನೆ ಮಾಡಿದರು. ಅವಳ ಗೋಡೆಯ ಜಗಳದ ವಿಚಾರ ಅವರಿಗೂ ಗೊತ್ತಿತ್ತು. “ಕಲೀಲಿ ಬಿಡು. ಹೋಗಂಗಿಲ್ಲ ಅಕಿ” ಎಂದರು.

ಕಲಿಕೆ ಶುರುವಾಯಿತು. ದುರುಗಣ್ಣನಿಗೆ ಕಲಿಸಿದ ಉಸ್ತಾದ್ ಏನು ಮಾಡುವಾಗಲೂ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಕೆಲಸ ಅವನ ಹೊಟ್ಟೆಗೂ ಯಂತ್ರಕ್ಕೂ ನಡುವೆ ಗುಟ್ಟಾಗಿ ಮುಗಿಯುತ್ತಿತ್ತು. ದುರುಗಣ್ಣನಲ್ಲಿ ಗುಟ್ಟೇನೂ ಇರಲಿಲ್ಲ, ಆದರೆ ಹಾಗೆ ನಿಲ್ಲುವ ರೂಢಿ ಬಂದುಬಿಟ್ಟಿತ್ತು. ಅಂಜಿನಕ್ಕ ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸುತ್ತಿದ್ದಳು.

“ಸರೀ ಅತ್ಲಾಗ. ನಿನ್ ಬೆನ್ನು ನೋಡಾಕ ಬಂದೀನೇನ್ ನಾನು?”

ಅದಕ್ಕಿಂತ ಕಷ್ಟವಾದದ್ದು ಅವಳ ಪ್ರಶ್ನೆ. ಹುಡುಗರು ತೋರಿಸಿದ್ದನ್ನು ಮಾಡುತ್ತಿದ್ದರು. ಅಂಜಿನಕ್ಕ ‘ಯಾಕ’ ಅನ್ನುತ್ತಿದ್ದಳು. ಬೇರಿಂಗ್ ಬಿಸಿಯಾಗಿದೆಯೇ ಎಂದು ಮುಂಗೈಯಿಂದ ಮುಟ್ಟು ಅಂದರೆ ಯಾಕ? ಅಂಗೈ ಯಾಕ ಬ್ಯಾಡ? ಬೆಲ್ಟನ್ನು ಒಳಮಗ್ಗುಲಿನಿಂದ ಏರಿಸು ಅಂದರೆ ಯಾಕ?

“ಯಾಕಂದ್ರ? ಹಂಗ.”

“ಹಂಗ ಅಂದ್ರ ನಾ ಕೈ ಹಚ್ಚಂಗಿಲ್ಲ.”

ದುರುಗಣ್ಣ ಹೊರಗೆ ಹೋಗಿ ಬೀಡಿ ಸೇದುತ್ತ ಯೋಚಿಸಬೇಕಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಬಂದು, “ಅಂಗೈ ದಪ್ಪ ಆಗಿರ್ತೈತಿ, ಬಿಸಿ ತಡಾ ಆಗಿ ಗೊತ್ತಾಗ್ತೈತಿ. ಅಷ್ಟೊತ್ತಿಗೆ ಒಳಗ ಸುಟ್ಟಿರ್ತೈತಿ” ಎನ್ನುತ್ತಿದ್ದ. ಹೇಳಿದ ಮೇಲೆ ತಾನೇ ಸ್ವಲ್ಪ ಹೊತ್ತು ಅಂಗೈ ನೋಡಿಕೊಳ್ಳುತ್ತಿದ್ದ. ಅಷ್ಟು ವರ್ಷ ಮಾಡಿದ್ದಕ್ಕೆ ಕಾರಣವೊಂದಿತ್ತು ಎಂಬುದು ಅವನಿಗೂ ಹೊಸ ಸುದ್ದಿ. ಬೇಸಗೆ ಮುಗಿಯುವ ಹೊತ್ತಿಗೆ ಬೀಡಿಯ ಖರ್ಚು ಏರಿತ್ತು, ಅಂಜಿನಕ್ಕ ಯಂತ್ರ ಬಿಚ್ಚಿ ಕೂಡಿಸುತ್ತಿದ್ದಳು. ಕಾಳು ಹಸನು ಮಾಡುವ ಗೀತಮ್ಮ ಮೊದಲಾದವರು ಮೊದಮೊದಲು ನಗುತ್ತಿದ್ದರು. ಅವಳು ಎಕ್ಸ್‌ಪೆಲ್ಲರಿನ ಕೆಳಗಿನಿಂದ ಎಣ್ಣೆ ಮುಖದಲ್ಲಿ ಎದ್ದು, “ಯಾಕ್ರವ್ವ, ಹಲ್ಲು ಒಣಗಾಕ ಹಾಕೀರೇನು?” ಎಂದ ಮೇಲೆ ನಿಲ್ಲಿಸಿದರು.

ಮಳೆಗಾಲದಲ್ಲಿ ಗಿರಣಿಗೆ ಕೆಲಸ ಕಡಿಮೆ. ದಸರೆಗೆ ಹೊಸ ಶೇಂಗಾ ಬರುವ ಮೊದಲು ಇಬ್ಬರೂ ಸೇರಿ ಎಲ್ಲವನ್ನೂ ಬಿಚ್ಚಿ, ತೊಳೆದು, ಕೂಡಿಸಿದರು. ಆಯುಧ ಪೂಜೆಯ ದಿನ ಕೊಟ್ರಬಸಮ್ಮನವರು ಮಡಿಯುಟ್ಟು ಬಂದರು. ಬೆಳ್ಳಿ ಬಟ್ಟಲಲ್ಲಿ ವಿಭೂತಿ ಕಲಸಿಕೊಂಡು, ಏಣಿ ಹಾಕಿಸಿ, ಯಂತ್ರ ಯಂತ್ರಕ್ಕೂ, ಶಾಫ್ಟಿನ ಬೇರಿಂಗ್ ಬೇರಿಂಗಿಗೂ ಮೂರು ಬೆರಳು ಎಳೆದು ನಡುವೆ ಕುಂಕುಮವಿಟ್ಟರು. ನಿಂಬೆಹಣ್ಣು, ಚೆಂಡುಹೂವು, ಕಾಯಿ ಎಲ್ಲ ಆಯಿತು. ಆಮೇಲೆ ಮರುಳಪ್ಪನವರು ದುರುಗಣ್ಣನ ಕಡೆ ನೋಡಿದರು. ದುರುಗಣ್ಣ ಎಕ್ಸ್‌ಪೆಲ್ಲರಿನ ಮೈಮೇಲೆ ಕೈಯಿಟ್ಟ.

“ಗೊತ್ತಿದ್ದದ್ದೆಲ್ಲಾ ಕಲಿಸೀನಿ. ಉಳಿಸ್ಕೊಂಡಿಲ್ಲ.”

ವಿಜಯದಶಮಿ ಕಳೆದು ಗಿರಣಿ ಶುರುವಾಗುವ ದಿನ. ಕೈ ತಡೆಯದೆ ನಡುವೆ ಬಂದಾನೆಂದು ದುರುಗಣ್ಣನನ್ನು ಸಾಹುಕಾರರು ಗೇಟಿನಾಚೆ ಗಾಳೆಪ್ಪನ ಬೆಂಚಿಗೆ ಕಳಿಸಿದರು. ಅವನು ಪಕ್ಕದಲ್ಲಿ ತನ್ನ ಟ್ರಂಕು ಇಟ್ಟುಕೊಂಡೇ ಕೂತ. ಅಂಜಿನಕ್ಕ ಕಚ್ಚೆ ಬಿಗಿದು, ಎಣ್ಣೆ ಡಬ್ಬಿ ಹಿಡಿದು ಏಣಿ ಹತ್ತಿ, ಬೇರಿಂಗುಗಳಿಗೆಲ್ಲ ಎಣ್ಣೆ ಹೊಯ್ದಳು. ಮೋಟರು ಹಾಕಿದಳು. ಶಾಫ್ಟು ತಿರುಗಿತು, ಬೆಲ್ಟುಗಳು ಎಳೆದುಕೊಂಡವು, ಕಾಳು ಬಿತ್ತು, ಎಣ್ಣೆ ಸೋರಿತು. ಗುರುಶಾಂತ ಕುರ್ಚಿಯಿಂದ ಎದ್ದು ನೋಡಿ ಮತ್ತೆ ಕೂತ.

ದುರುಗಣ್ಣನಿಗೆ ಅಲ್ಲಿಂದ ಸದ್ದು ಕೇಳುತ್ತಿರಲಿಲ್ಲ. ಅವನಿಗೆ ಮೊದಲು ಬಂದದ್ದು ವಾಸನೆ. ಸುಟ್ಟ ಎಣ್ಣೆಯದಲ್ಲ, ಎಣ್ಣೆಯಿಲ್ಲದೆ ಸುಟ್ಟದ್ದರ ವಾಸನೆ. ಗಾಳೆಪ್ಪ “ಏನೋ ಚೀರಾಕ ಹತ್ತೈತಲ್ಲೋ” ಎನ್ನುವಷ್ಟರಲ್ಲಿ ಅವನು ಟ್ರಂಕು ಬಿಟ್ಟು ಓಡಿದ್ದ.

ಒಳಗೆ ಶಾಫ್ಟು ನಿಂತಿತ್ತು. ಮೋಟರಿನ ಬದಿಯ ಬೇರಿಂಗಿನಿಂದ ಹೊಗೆ ಏಳುತ್ತಿತ್ತು. ಒಳಗಿನ ಹಿತ್ತಾಳೆಯ ಬಳೆ, ಬುಷ್ಷು, ಶಾಫ್ಟಿಗೆ ಕಚ್ಚಿಕೊಂಡಿತ್ತು. ಅಂಜಿನಕ್ಕ ಏಣಿಯ ಮೇಲೆ, ಮರುಳಪ್ಪನವರು ಕೆಳಗೆ, ಸುತ್ತ ಹಮಾಲರು. ಎಲ್ಲರ ಬಾಯಲ್ಲೂ ಒಂದೇ ಮಾತು ತಯಾರಾಗಿತ್ತು, ಹೇಳುವ ಧೈರ್ಯ ಮಾಡಿದವನು ಗುರುಶಾಂತ.

“ಹೆಂಗಸರ ಕೈಗೆ ಕೊಟ್ರ ಇದ ಆಗೋದು. ಎಣ್ಣಿ ಹಾಕಿಲ್ಲ ಅಕಿ.”

“ಏ ಕುರ್ಚಿ, ಸುಮ್ಕಿರು!” ಮೇಲಿನಿಂದ ಅಂಜಿನಕ್ಕ. “ಹಾಕೀನಿ. ಡಬ್ಬಿ ಅರ್ಧ ಆಗೈತಿ. ನೋಡ್ ಇಲ್ಲಿ, ಪಕ್ಕದಾಗ ಇಳದೈತಿ!”

ಇಳಿದಿತ್ತು. ಬೇರಿಂಗಿನ ಹೊರಮೈಯಿಂದ ಕಂಬದವರೆಗೆ ಎಣ್ಣೆಯ ಗೆರೆ ಹೊಳೆಯುತ್ತಿತ್ತು. ತುಂಬಿ ಚೆಲ್ಲಿದೆ ಎಂದುಕೊಂಡು ಅವಳು ಮುಂದಿನದಕ್ಕೆ ಹೋಗಿದ್ದಳು. ಒಳಗೆ ಒಂದು ತೊಟ್ಟೂ ಹೋಗಿರಲಿಲ್ಲ.

ಮರುಳಪ್ಪನವರು ದುರುಗಣ್ಣನನ್ನು ಪಕ್ಕಕ್ಕೆ ಕರೆದರು. “ನೀ ದೇವ್ರ ಮುಂದ ಮಾತು ಹೇಳಿ, ನಿಂದು ಮುಗೀತು. ಕಲಿಸಿದ್ದನ್ನ ಅಕಿ ಮಾಡ್ಲಿಲ್ಲ ಅಂದ್ರ ಅದು ಅಕಿ ತಪ್ಪು. ದಾವಣಗೆರಿಯಿಂದ ಯಾರನ್ನರ ಕರಸ್ತೀನಿ. ಅಕಿ ಮತ್ತ ಕಾಳು ಹಸನು ಮಾಡ್ಲಿ. ನೀ ಹೋಗು.”

ದುರುಗಣ್ಣ ಅಂಜಿನಕ್ಕನನ್ನು ಕೆಳಗಿಳಿಸಿ ತಾನು ಏಣಿ ಹತ್ತಿದ. ಬೇರಿಂಗಿನ ಟೊಪ್ಪಿಗೆಯ ಮೇಲೆ ಮೂರು ಬೆರಳಿನ ವಿಭೂತಿ ಇತ್ತು, ನಡುವೆ ದಪ್ಪ ಕುಂಕುಮ. ಎಣ್ಣೆ ಹೊಯ್ಯುವ ತೂತು ಇರುವುದೂ ಟೊಪ್ಪಿಗೆಯ ನಡುವೆಯೇ, ಹಣೆಯಲ್ಲಿ ಕುಂಕುಮವಿಡುವ ಜಾಗ ನೋಡಿ ಕೊರೆದ ಹಾಗೆ. ಕಲಸಿದ ವಿಭೂತಿ ಮತ್ತು ಕುಂಕುಮ ತೂತಿಗಿಳಿದು ಒಣಗಿ ಬಿರಡೆಯಂತೆ ಕೂತಿದ್ದವು. ದೇವರ ಗುರುತನ್ನು ಅಂಜಿನಕ್ಕ ಒರೆಸಿರಲಿಲ್ಲ. ಒರೆಸು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ದುರುಗಣ್ಣನ ಕೈ ತಾನಾಗಿ ಜೇಬಿಗೆ ಹೋಯಿತು, ಗಟ್ಟಿ ತಂತಿ ತೆಗೆಯಿತು, ತೂತಿನಿಂದ ಆ ಗಟ್ಟಿಯನ್ನು ಕೆದರಿತು, ಬೆರಳಿಗೆ ಹತ್ತಿದ್ದನ್ನು ಹಣೆಗೆ ಹಚ್ಚಿತು. ಆಗ ದುರುಗಣ್ಣ ಗಕ್ಕನೆ ನಿಂತ.

ಪ್ರತಿ ವರ್ಷವೂ ಅವನು ಇದನ್ನೇ ಮಾಡುತ್ತಿದ್ದ. ಪೂಜೆ ಮುಗಿದ ಮೇಲೆ, ಗಿರಣಿ ಶುರುವಾಗುವ ಮುಂಚೆ, ಒಂದೊಂದು ಬೇರಿಂಗಿಗೂ ಹೋಗಿ ತಂತಿಯಿಂದ ವಿಭೂತಿ ಕೆದರಿ ಹಣೆಗೆ ಹಚ್ಚಿಕೊಳ್ಳುತ್ತಿದ್ದ. ಕಂಡವರು ಭಕ್ತಿ ಅಂದುಕೊಂಡಿದ್ದರು. ಅವನೂ ಭಕ್ತಿಯೆಂದೇ ತಿಳಿದಿದ್ದ. ಭಕ್ತಿಯನ್ನು ಯಾರಾದರೂ ಕೆಲಸದ ಜೊತೆ ಕಲಿಸುತ್ತಾರೆಯೇ? ಅದು ಅವನು ಮಾಡುತ್ತಿದ್ದ ಕೆಲಸಗಳಲ್ಲೆಲ್ಲ ಮುಖ್ಯವಾದ ಕೆಲಸವಾಗಿತ್ತು.

ಕೆಳಗೆ ಎಲ್ಲರೂ ಮೇಲೆ ನೋಡುತ್ತ ನಿಂತಿದ್ದರು. ಗೇಟಿನಾಚೆ ಬೆಂಚಿನ ಮೇಲೆ ಟ್ರಂಕು ಇತ್ತು. ಅರಸೀಕೆರೆಯ ಕಡೆಯ ಬಸ್ಸು ಬರುವ ಹೊತ್ತಾಗಿತ್ತು. ಬಾಯಿ ಮುಚ್ಚಿಕೊಂಡು ಏಣಿ ಇಳಿದರೆ ಸಾಕಿತ್ತು. ಈ ಬಾರಿಯ ಎಲೆ ಎಮ್ಮೆಗೆ ಹೋಗುತ್ತಿರಲಿಲ್ಲ.

“ಸಾವ್ಕಾರ್ರ,” ಎಂದ ದುರುಗಣ್ಣ ಅಲ್ಲಿಂದಲೇ, ಎಂದಿನಂತೆ ಊರಿಗೆಲ್ಲ ಕೇಳುವ ಧ್ವನಿಯಲ್ಲಿ, “ಅಕಿ ತಪ್ಪಲ್ಲ. ಇದನ್ನ ನಾ ಕಲಿಸಿಲ್ಲ. ಎಲ್ಲಾ ಕಲಿಸೀನಿ ಅಂದದ್ದು ಸುಳ್ಳಾತು.”

ಮರುಳಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ಬೇಸರವಾದಂತೆ ಕಂಡರೂ ಒಳಗೊಳಗೆ ಒಳ್ಳೆಯ ವ್ಯಾಪಾರ ಕುದುರಿದ ಹಾಗೂ ಇತ್ತು.

“ಹಂಗಾರ ಮಾತು ಮುಗೀಲಿಲ್ಲಪ. ಇನ್ನ ಏನೇನ್ ಬಿಟ್ಟಿ?”

“ಗೊತ್ತಿಲ್ರಿ.”

“ಗೊತ್ತಿಲ್ಲಂದ್ರ?”

“ನನಗ ಗೊತ್ತಿದ್ದದ್ದು ಕಲಿಸೀನಿ. ಗೊತ್ತಿಲ್ಲದ್ದು ಎಷ್ಟೈತೋ ಹೆಂಗ ಹೇಳ್ಲಿ?”

“ಗೊತ್ತಾಗೋತನಕ ಇರು,” ಎಂದರು ಮರುಳಪ್ಪನವರು. ಅದು ಸಾಯುವತನಕ ಎಂದಂತೆಯೇ ಆಯಿತು. ದುರುಗಣ್ಣ ಏಣಿಯ ಮೆಟ್ಟಿಲ ಮೇಲೆ ಕೂತುಬಿಟ್ಟ.

ಅಂಜಿನಕ್ಕ ಸೊಂಟಕ್ಕೆ ಕೈಯಿಟ್ಟು ಅವನನ್ನು ನೋಡುತ್ತಿದ್ದಳು. ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ, ಕೈಯ ಮೇಲಿತ್ತು. ಆ ಕೈ ಸುಮ್ಮನಿರದೆ ಪಕ್ಕದ ಬೇರಿಂಗಿನ ತೂತನ್ನೂ ಆಗಲೇ ಕೆದರುತ್ತಿತ್ತು.

“ಇಳಿ ಕೆಳಗ,” ಎಂದಳು.

ಇಳಿದ. ಅವಳು ತಲೆಯ ಟವೆಲ್ ಬಿಚ್ಚಿ, ಅವನ ಎರಡೂ ಕೈಗಳನ್ನು ಹಿಂದಕ್ಕೆ ಹಿಡಿದು ಕಟ್ಟಿದಳು. ಹಮಾಲರು ನಕ್ಕರು.

“ಏನ್ ಮಾಡಾಕತ್ತೀಯವ್ವ?” ದುರುಗಣ್ಣ ಗಾಬರಿಯಾದ.

“ನಿನ್ ಬಾಯಿ ಹೇಳಂಗಿಲ್ಲ. ಕೈ ಹೇಳ್ತಾವು. ಗೇಟಿನಿಂದ ಶುರು ಮಾಡು. ದಿನಾ ಹೆಂಗ್ ಬರ್ತಿದ್ಯೋ ಹಂಗ ನಡಿ. ಎಲ್ಲಿ ಕೈ ಜಗ್ಗತಾವೋ ಅಲ್ಲಿ ನಿಲ್ಲು.”

ಹೀಗೆ ಕೊಟ್ಟೂರಿನಲ್ಲಿ ಒಂದು ಮೆರವಣಿಗೆ ಹೊರಟಿತು. ಮುಂದೆ ಕಳ್ಳನಂತೆ ಕೈ ಕಟ್ಟಿಸಿಕೊಂಡ ದುರುಗಣ್ಣ, ಟವೆಲಿನ ತುದಿ ಹಿಡಿದ ಅಂಜಿನಕ್ಕ, ಹಿಂದೆ ಸಾಹುಕಾರರು, ಅವರ ಹಿಂದೆ ಕೆಲಸ ನಿಂತಿದ್ದರಿಂದ ಬಿಡುವಾಗಿದ್ದ ಎಲ್ಲರೂ.

ಮೋಟರು ಹಾಕುವ ಪೆಟ್ಟಿಗೆಯ ಮುಂದೆ ಬರುತ್ತಲೇ ಟವೆಲ್ ಜಗ್ಗಿತು.

“ಇಲ್ಲೇನು?”

ದುರುಗಣ್ಣ ಕಣ್ಣು ಮುಚ್ಚಿ ಯೋಚಿಸಿದ. “ಬೆರಳಿಲೆ ಬಡೀತೀನಿ.”

“ಯಾಕ?”

“ಒಳಗ ಹಲ್ಲಿ ಕುಂತಿರ್ತೈತಿ. ಬಡದ್ರ ಓಡ್ತೈತಿ. ಒಂದ್ ಸಲ ಹಲ್ಲಿ ಸತ್ತು ಮೋಟ್ರು ಸುಟ್ಟಿತ್ತು.”

“ಇದನ್ನ ಹೇಳಿದ್ದಿಯೇನು ನನಗ?”

“ಇಲ್ಲ.”

ಕಾಳು ಸುರಿಯುವ ತೊಟ್ಟಿಯ ಬಳಿ ಮತ್ತೆ ಜಗ್ಗಿತು. ಕಾಳಿನಲ್ಲಿ ಕೈಯಾಡಿಸುವುದು ಅವನ ರೂಢಿ. ಹಮಾಲರು ಚೀಲ ಹೊಲಿದ ದಬ್ಬಣವನ್ನು ಒಮ್ಮೊಮ್ಮೆ ಒಳಗೇ ಮರೆಯುತ್ತಿದ್ದರು, ಅದು ಎಕ್ಸ್‌ಪೆಲ್ಲರಿಗೆ ಹೋದರೆ ಹಲ್ಲು ಮುರಿಯುವುದು. ಹಮಾಲರ ನಗು ಅಲ್ಲಿಗೆ ನಿಂತಿತು. ದೊಡ್ಡ ಬೆಲ್ಟಿನ ಬಳಿ ಕೈ ಜಗ್ಗಲಿಲ್ಲ, ಬಲಗಾಲು ಮುಂದೆ ಹೋಯಿತು. ಅಲ್ಲಿ ಎಣ್ಣೆ ಹರಿಯುವ ಪೈಪಿನಡಿ ಒಂದು ಇಟ್ಟಿಗೆಯಿತ್ತು. ಅದನ್ನವನು ದಿನವೂ ಕಾಲಿನಿಂದ ಒಳಕ್ಕೆ ಸರಿಸುತ್ತಿದ್ದ, ಸರಿಸದಿದ್ದರೆ ಪೈಪು ನಡುಗಿ ಕೀಲು ಸಡಿಲಾಗುತ್ತಿತ್ತು.

“ಕಾಲೂ ಕಟ್ಟಬೇಕಿತ್ತು ನಿನಗ,” ಎಂದಳು ಅಂಜಿನಕ್ಕ.

ಎಲ್ಲಕ್ಕಿಂತ ಜೋರಾಗಿ ಜಗ್ಗಿದ್ದು ನಡುಗಂಬದ ಬಳಿ. ಅಲ್ಲಿ ಬೇರಿಂಗಿಲ್ಲ, ಪೈಪಿಲ್ಲ, ಏನೂ ಇಲ್ಲ. ಒಂದು ಮೊಳೆ, ಅದಕ್ಕೊಂದು ಬಟ್ಟೆಯ ಚೀಲ.

“ಇಲ್ಲೇನ್ ಐತಿ ಅಂತ ಜಗ್ಗಾಕತ್ತಿ?”

ದುರುಗಣ್ಣ ಚೀಲದ ಕಡೆ ನೋಡಿದ. ಮುಖ ಕಪ್ಪಾಯಿತು. “ಅಡಿಕಿ,” ಎಂದ ಮೆಲ್ಲಗೆ.

ಹೆಂಗಸರ ಗುಂಪಿನಿಂದ ಗೀತಮ್ಮ ಮುಂದೆ ಬಂದಳು. “ಅಯ್ಯೋ ನಿನ್ನ! ಇಷ್ಟ್ ವರ್ಷ ನನ್ ಚೀಲದಾಗಿಂದ ಅಡಿಕಿ ಕದ್ದಾವ ನೀನಾ? ನಾ ಈ ಹಮಾಲ್ರ ಅವ್ವಂದ್ರನ್ನ ಬೈದು ಬೈದು ಸಾಕಾಗೇನಿ!”

“ಗೊತ್ತಿದ್ದಿದ್ದಿಲ್ಲಬೇ. ದಾರ್ಯಾಗ ಕೈಗೆ ಸಿಗ್ತಿತ್ತು.”

“ಇದನ್ನೂ ನಾ ಕಲೀಬೇಕೇನು?” ಎಂದು ಅಂಜಿನಕ್ಕ ಕೇಳಿದಾಗ ಮರುಳಪ್ಪನವರೇ ನಕ್ಕುಬಿಟ್ಟರು. ಸಾಹುಕಾರರು ನಕ್ಕ ಮೇಲೆ ಮಾತು ಗಟ್ಟಿಯಾಗಿ ಉಳಿಯುವುದಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಆ ನಡಿಗೆ ಮುಗಿಯಿತು, ಮರುದಿನ ಇನ್ನೊಮ್ಮೆ ನಡೆಯಿತು, ಬುಷ್ಷು ಹೊಸದು ಕೂಡಿಸುವಷ್ಟು ದಿನ ನಡೆಯುತ್ತಲೇ ಇತ್ತು. ಬರಬರುತ್ತ ಟವೆಲ್ ಜಗ್ಗುವುದು ಕಡಿಮೆಯಾಯಿತು. ಜಗ್ಗಿದಲ್ಲೆಲ್ಲ ಅಂಜಿನಕ್ಕನ ಕೈ ಅವನಿಗಿಂತ ಮೊದಲು ಹೋಗಿರುತ್ತಿತ್ತು. ಕೊನೆಗೆ ಒಂದು ದಿನ ಗೇಟಿನಿಂದ ಹಿಂಡಿಯ ಕೋಣೆಯವರೆಗೆ ಅವನು ಕೈ ಕಟ್ಟಿಕೊಂಡು, ಎಲ್ಲಿಯೂ ನಿಲ್ಲದೆ ನಡೆದ. ಗೀತಮ್ಮ ಚೀಲವನ್ನು ಬೇರೆ ಕಡೆ ತೂಗುಹಾಕಿದ್ದಳು.

ವಿಭೂತಿಯ ಮಾತು ಮಾತ್ರ ಉಳಿದಿತ್ತು. ಕೊಟ್ರಬಸಮ್ಮನವರಿಗೆ ಅದನ್ನು ಹೇಳುವವರು ಯಾರು? ಮರುಳಪ್ಪನವರು ಗಂಟಲು ಸರಿಮಾಡಿಕೊಂಡು ದೀಪಾವಳಿಗೆ ಹೇಳೋಣ ಎಂದರು. ಅಂಜಿನಕ್ಕ ಎಣ್ಣೆಗೈಯಲ್ಲೇ ಸಾಹುಕಾರರ ಮನೆಯ ಹಿತ್ತಲ ಬಾಗಿಲಿಗೆ ಹೋದಳು.

“ಅವ್ವಾರ, ವಿಭೂತಿ ಮೈಗೆ ಹಚ್ರಿ, ತೂತಿಗೆ ಬ್ಯಾಡ್ರಿ. ಶಿವಗ ಹಣಿಗೆ ಹಚ್ತೀರಿ, ಮೂಗಿನ್ಯಾಗ ತುಂಬ್ತೀರೇನು?”

ಕೊಟ್ರಬಸಮ್ಮನವರು ಅವಳ ಎಣ್ಣೆಗೈ ನೋಡಿದರು. ಆಮೇಲೆ, “ಮೂಗು ಎಲ್ಲೈತಿ ಅಂತ ನೀ ಮೊದ್ಲ ತೋರಸ್ಬೇಕಿಲ್ಲೇನು?” ಎಂದು, ಅವಳಿಗೆ ಚಹಾ ಕೊಡಿಸಿದರು.

ಹೊಸ ಬುಷ್ಷಿನ ಮೇಲೆ ಗಿರಣಿ ತಿರುಗಿತು. ದುರುಗಣ್ಣ ಬೆಂಚಿನ ಮೇಲೆ ಕೂತಿದ್ದ, ವಾಸನೆ ಬರಲಿಲ್ಲ. ಸಂಜೆ ಮರುಳಪ್ಪನವರು ಬಂದು ಪಕ್ಕದಲ್ಲಿ ಕೂತರು, ಅದು ಅವರು ಯಾರಿಗೂ ಮಾಡದ ಮರ್ಯಾದೆ.

“ಈಗಾರ ಎಲ್ಲಾ ಕಲಿಸಿದಂಗಾತೇನು?”

“ಹೇಳಂಗಿಲ್ರಿ ಸಾವ್ಕಾರ್ರ. ಮತ್ತ ಮಾತು ಸುಳ್ಳಾಗೋದು ಬ್ಯಾಡ. ಏನರ ಉಳದಿದ್ರ ಅಕಿ ಕೇಳ್ತಾಳ. ಕೇಳದ ಬಿಡೋಕಿ ಅಲ್ಲ ಅಕಿ.”

ಮರುಳಪ್ಪನವರು ಹೂಂ ಎಂದರು. ಈ ಬಾರಿ ಆ ಹೂಂಗೆ ಬೇರೆ ಅರ್ಥವಿರಲಿಲ್ಲ.

ದೀಪಾವಳಿ ಅಮಾವಾಸ್ಯೆಯಂದು ಹಮಾಲರು ಮನೆಗೆ ಹೋದರು, ಹೆಂಗಸರು ಮನೆಗೆ ಹೋದರು. ಅಂಜಿನಕ್ಕ ಎಕ್ಸ್‌ಪೆಲ್ಲರು ಬಿಚ್ಚಿ ಹರವಿಕೊಂಡು ಕೂತಳು. ದುರುಗಣ್ಣ ಬಸ್ಸು ಹತ್ತಿ ಅರಸೀಕೆರೆಯಲ್ಲಿಳಿದ. ಭರಮಮ್ಮ ಎಲೆ ಹಾಕಿದ್ದಳು. ಅವನು ಕೂರುವ ಮುಂಚೆ ಮಿರ್ಚಿಯ ಸ್ಟೋವಿನ ಕಡೆ ಕೈ ಚಾಚಿದಾಗ, ಅವಳು ಸೌಟಿನಿಂದ ಆ ಕೈಗೊಂದು ಕೊಟ್ಟು, “ಉಣ್ಣು ಮೊದ್ಲು” ಎಂದಳು. ಬಿಸಿ ಹೋಳಿಗೆಯ ಮೇಲೆ ತುಪ್ಪ ಹರಿದು ಎಲೆಯ ಅಂಚಿಗೆ ಹೋಗುತ್ತಿತ್ತು. ಅವನು ಉಂಡ. ಇನ್ನೊಂದು ಹಾಕು ಎಂದ. ಎಮ್ಮೆ ಕೊಟ್ಟಿಗೆಯಿಂದ ನೋಡುತ್ತಿತ್ತು.

ಆ ಗಿರಣಿಯ ಹಿಂಡಿ ಮಾರಿ ಅಂಗಡಿ ನಡೆಸಿಕೊಂಡು ಬಂದವನು ನಾನು. ಆ ವರ್ಷ ಸುಗ್ಗಿಯಲ್ಲಿ ಗಿರಣಿ ನಿಂತಿದ್ದರೆ ನನ್ನ ಅಂಗಡಿಯೂ ಮುಚ್ಚುತ್ತಿತ್ತು. ಮುಚ್ಚಲಿಲ್ಲ. ದುರುಗಣ್ಣ ಏಣಿಯ ಮೇಲಿಂದ ನಿಜ ಹೇಳಿದ, ಹೇಳಿ ಕೈ ಕಟ್ಟಿಸಿಕೊಂಡು ಎಲ್ಲರೆದುರು ನಡೆದ. ನನ್ನ ಅಂಗಡಿಯ ಬಾಗಿಲು ತೆರೆದಿರುವುದಕ್ಕೆ ನಾನು ಅವನಿಗೆ ಋಣಿ.